ಚಿನ್ನದ ಹುಡುಗಿ ಮತ್ತು ಅಜ್ಜ ಅಜ್ಜಿಯರ ಲೆಕ್ಕ

ಆಟದ ಮೈದಾನದಲ್ಲಿ ಯಾರೂ ಯಾರ ಕುಲವನ್ನೂ ಕೇಳುವುದಿಲ್ಲ ಎಂಬುದು ನಾವು ಆಗಾಗ ಹೇಳಿಕೊಳ್ಳುವ ಸಮಾಧಾನದ ಮಾತು. ಓಟದ ಗೆರೆಯ ಮುಂದೆ ಎಲ್ಲರೂ ಸಮಾನರು, ಗೆದ್ದವನು ಎಲ್ಲರಿಗೂ ಸೇರಿದವನು ಎಂದು ನಮ್ಮ ನಂಬಿಕೆ. ಈ ಮಾತಿನಲ್ಲಿ ಸತ್ಯ ಇಲ್ಲದಿಲ್ಲ. ಆದರೆ ಅದು ಪಂದ್ಯ ಮುಗಿಯುವವರೆಗಿನ ಸತ್ಯ. ಪದಕ ಕೊರಳಿಗೆ ಬಿದ್ದ ಮೇಲೆ, ಆ ಕೊರಳು ಯಾರದು, ಅದು ನಮ್ಮದೇ ಹೌದೇ ಎಂಬ ಪ್ರಶ್ನೆಯನ್ನು ಕೇಳಿದ ದೇಶಗಳಿವೆ, ಕಾಲಗಳಿವೆ. ಗೆದ್ದಾಗ ಹೆಗಲ ಮೇಲೆ ಹೊತ್ತು ಮೆರೆಸಿದವರೇ ಕೆಲವು ವರ್ಷಗಳ ನಂತರ ಅಜ್ಜ ಅಜ್ಜಿಯರ ಧರ್ಮದ ಲೆಕ್ಕ ತೆಗೆದ ಉದಾಹರಣೆಗಳೂ ಇವೆ.

ಅಂಥ ಒಂದು ಉದಾಹರಣೆ ಜರ್ಮನಿಯ ಹೆಲೆನ್ ಮಾಯರ್. ಹದಿನೇಳರ ಹರೆಯದಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಈ ಕತ್ತಿವರಸೆಯ ಹುಡುಗಿ ಇಪ್ಪತ್ತೆರಡರ ವಯಸ್ಸಿಗೆ ತನ್ನ ಊರಿನ ಕ್ಲಬ್ಬಿಗೇ ಬೇಡವಾದಳು. ಇಪ್ಪತ್ತೈದರಲ್ಲಿ ಅದೇ ದೇಶ ಅವಳನ್ನು ಸಮುದ್ರದಾಚೆಯಿಂದ ಮತ್ತೆ ಕರೆಸಿಕೊಂಡಿತು. ಏಕೆ ಓಡಿಸಿತು, ಏಕೆ ಕರೆಯಿತು ಎಂಬುದನ್ನು ತಿಳಿಯುವುದು ಕೇವಲ ಕ್ರೀಡಾ ಇತಿಹಾಸದ ಕುತೂಹಲವಲ್ಲ. ಒಂದು ಸಮುದಾಯವನ್ನು ಹೊರಗಿಡುವ ವ್ಯವಸ್ಥೆಯು ಆ ಸಮುದಾಯದ ಒಬ್ಬ ಪ್ರತಿಭಾವಂತೆಯನ್ನು ಹೇಗೆ ಬಳಸಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಆಫೆನ್‌ಬಾಖ್‌ನ ವೈದ್ಯರ ಮಗಳು

ಫ್ರಾಂಕ್‌ಫರ್ಟ್ ನಗರದ ಪಕ್ಕದಲ್ಲಿ, ಮೈನ್ ನದಿಯ ದಂಡೆಯಲ್ಲಿ ಆಫೆನ್‌ಬಾಖ್ ಎಂಬ ಊರಿದೆ. ಚರ್ಮದ ಚೀಲ, ಪೆಟ್ಟಿಗೆಗಳ ತಯಾರಿಕೆಗೆ ಹೆಸರಾದ ಕೈಗಾರಿಕಾ ಪಟ್ಟಣ ಅದು. 1910ರ ಡಿಸೆಂಬರ್ 20ರಂದು ಹೆಲೆನ್ ಹುಟ್ಟಿದ್ದು ಅಲ್ಲಿಯೇ. ತಂದೆ ಲುಡ್ವಿಗ್ ಮಾಯರ್ ವೈದ್ಯರು, ಹುಟ್ಟಿನಿಂದ ಯಹೂದಿ. ತಾಯಿ ಪ್ರೊಟೆಸ್ಟಂಟ್ ಕ್ರೈಸ್ತ ಮನೆತನದವರು. ಇಬ್ಬರು ಸಹೋದರರ ಜೊತೆ ಬೆಳೆದ ಹೆಲೆನ್‌ಳ ಮನೆಯಲ್ಲಿ ಯಹೂದಿ ಆಚರಣೆಗಳಿಗೆ ಹೆಚ್ಚಿನ ಸ್ಥಾನವಿರಲಿಲ್ಲ. ತಾನು ಜರ್ಮನ್ ಎಂಬುದರ ಬಗ್ಗೆ ಆ ಹುಡುಗಿಗೆ ಸಂಶಯ ಬರುವ ಕಾರಣವೇ ಇರಲಿಲ್ಲ. ಆ ಕಾಲದ ಜರ್ಮನಿಯಲ್ಲಿ ವೈದ್ಯರಾಗಿ, ವಕೀಲರಾಗಿ, ಅಧ್ಯಾಪಕರಾಗಿ ನಾಡಿನ ಬದುಕಿನಲ್ಲಿ ಬೆರೆತುಹೋಗಿದ್ದ ಸಾವಿರಾರು ಯಹೂದಿ ಕುಟುಂಬಗಳು ಹೀಗೆಯೇ ಭಾವಿಸಿದ್ದವು.

ಆಫೆನ್‌ಬಾಖ್‌ನಲ್ಲಿ ಹಳೆಯದಾದ ಒಂದು ಕತ್ತಿವರಸೆ ಕ್ಲಬ್ ಇತ್ತು. ಆರ್ಟುರೊ ಗಾಜೆರಾ ಎಂಬ ಇಟಲಿಯ ಗುರು ಅಲ್ಲಿ ಕಲಿಸುತ್ತಿದ್ದರು. ಇಟಲಿಯವರು ಈ ವಿದ್ಯೆಯಲ್ಲಿ ಯುರೋಪಿಗೇ ಗುರುಗಳು. ಹೆಲೆನ್ ಇನ್ನೂ ಚಿಕ್ಕ ಹುಡುಗಿಯಾಗಿದ್ದಾಗಲೇ ಅವರ ಕೈಕೆಳಗೆ ಅಭ್ಯಾಸ ಶುರುವಾಯಿತು. ನೀಳಕಾಯದ ಹುಡುಗಿ. ಉದ್ದದ ಕೈ, ಚುರುಕಾದ ಕಾಲು. ಇವೆಲ್ಲ ಈ ಆಟಕ್ಕೆ ಹೇಳಿ ಮಾಡಿಸಿದ ಗುಣಗಳು. ಹದಿನೈದು ತುಂಬುವ ಮೊದಲೇ ಆಕೆ ಜರ್ಮನಿಯ ಮಹಿಳಾ ಚಾಂಪಿಯನ್ ಆದಳು. 1930ರ ವೇಳೆಗೆ ಈ ಪ್ರಶಸ್ತಿಯನ್ನು ಆರು ಬಾರಿ ಗೆದ್ದಿದ್ದಳು.

ಕತ್ತಿಯ ತುದಿಯ ನ್ಯಾಯ

ನಮ್ಮ ನಾಡಿನಲ್ಲಿ ಈ ಕ್ರೀಡೆಗೆ ಹೆಚ್ಚಿನ ಪರಿಚಯವಿಲ್ಲ. ಚೆನ್ನೈನ ಭವಾನಿ ದೇವಿ 2021ರಲ್ಲಿ ನಡೆದ ಟೋಕಿಯೊ ಕ್ರೀಡಾಕೂಟದಲ್ಲಿ ಸ್ಪರ್ಧಿಸುವವರೆಗೆ ಒಲಿಂಪಿಕ್ಸ್‌ನ ಫೆನ್ಸಿಂಗ್‌ನಲ್ಲಿ ಭಾರತದ ಹೆಸರೇ ಇರಲಿಲ್ಲ. ಆದ್ದರಿಂದ ಆಟದ ಬಗ್ಗೆ ನಾಲ್ಕು ಮಾತು ಹೇಳುವುದು ಅಗತ್ಯ.

ಫೆನ್ಸಿಂಗ್‌ನಲ್ಲಿ ಮೂರು ಬಗೆಯ ಆಯುಧಗಳಿವೆ: ಫಾಯಿಲ್, ಎಪೀ ಮತ್ತು ಸೇಬರ್. ಎಪೀಯಲ್ಲಿ ಎದುರಾಳಿಯ ದೇಹದ ಯಾವ ಭಾಗಕ್ಕಾದರೂ ತಾಗಿಸಬಹುದು. ಸೇಬರ್‌ನಲ್ಲಿ ಸೊಂಟದಿಂದ ಮೇಲಕ್ಕೆ ಮಾತ್ರ, ಅಲಗಿನಿಂದಲೂ ಹೊಡೆಯಬಹುದು. ಹೆಲೆನ್‌ಳ ಆಯುಧವಾದ ಫಾಯಿಲ್ ಹಗುರವಾದ, ಬಾಗುವ ಕತ್ತಿ. ಅದರ ಮೊಂಡು ತುದಿ ಎದುರಾಳಿಯ ಮುಂಡಕ್ಕೆ ತಾಗಿದರೆ ಮಾತ್ರ ಅಂಕ. ತೋಳಿಗೆ, ತೊಡೆಗೆ ತಾಗಿದರೆ ಲೆಕ್ಕಕ್ಕಿಲ್ಲ. ಫಾಯಿಲ್‌ನಲ್ಲಿ ಇನ್ನೊಂದು ಕಟ್ಟಳೆ ಇದೆ. ಮೊದಲು ದಾಳಿ ಆರಂಭಿಸಿದವರಿಗೆ ಹಕ್ಕು ಇರುತ್ತದೆ. ಎದುರಾಳಿ ಆ ಕತ್ತಿಯನ್ನು ತಡೆದು ಸರಿಸಿದ ಮೇಲೆ ಮಾತ್ರ ಮರುದಾಳಿಯ ಹಕ್ಕು ಅವರಿಗೆ ಬರುತ್ತದೆ. ಆದ್ದರಿಂದ ಇದು ಬರೀ ವೇಗದ ಆಟವಲ್ಲ. ಮಾತಿಗೆ ಮಾತು ಕೊಡುವ ಹಾಗೆ, ಎದುರಿನವರ ಮಾತು ಮುಗಿಸಿ ತನ್ನದನ್ನು ಹೇಳುವ ಶಿಸ್ತಿನ ಆಟ.

ಇಂದು ಕತ್ತಿ ತಾಗಿದೊಡನೆ ವಿದ್ಯುತ್ ದೀಪ ಬೆಳಗುತ್ತದೆ. ಹೆಲೆನ್ ಆಡಿದ ಕಾಲದಲ್ಲಿ ಫಾಯಿಲ್‌ಗೆ ಅಂಥ ಸೌಲಭ್ಯವಿರಲಿಲ್ಲ. ನಾಲ್ವರು ತೀರ್ಪುಗಾರರು ಮತ್ತು ಒಬ್ಬ ಮುಖ್ಯ ತೀರ್ಪುಗಾರ ಕಣ್ಣಿಟ್ಟು ನೋಡಬೇಕು, ತಾಗಿತೋ ಇಲ್ಲವೋ ಎಂದು ನಿರ್ಣಯಿಸಬೇಕು. ಮಹಿಳೆಯರ ಪಂದ್ಯ ಐದು ಅಂಕಗಳಿಗೆ ಮುಗಿಯುತ್ತಿತ್ತು. ಕಣ್ಣು ತಪ್ಪುವ ಸಂಭವ ಹೆಚ್ಚಿದ್ದುದರಿಂದ ಆಟಗಾರರ ಪ್ರಾಮಾಣಿಕತೆಯೂ ಆಟದ ಭಾಗವೇ ಆಗಿತ್ತು. ತನಗೆ ತಾಗಿದ್ದನ್ನು ತಾನೇ ಒಪ್ಪಿಕೊಳ್ಳುವುದು ಒಳ್ಳೆಯ ಆಟಗಾರರ ಲಕ್ಷಣವೆನಿಸಿತ್ತು. ಪಂದ್ಯದ ಆರಂಭದಲ್ಲಿಯೂ ಕೊನೆಯಲ್ಲಿಯೂ ಕತ್ತಿ ಎತ್ತಿ ಎದುರಾಳಿಗೆ ವಂದಿಸುವುದು ಕಡ್ಡಾಯ. ಮುಖಕ್ಕೆ ಜಾಲರಿಯ ಕವಚ, ಮೈಗೆ ಬಿಳಿಯ ಅಂಗಿ. ಆ ಉಡುಪಿನೊಳಗೆ ಯಾರ ಕೂದಲಿನ ಬಣ್ಣ ಯಾವುದು, ಯಾರ ಮನೆತನ ಯಾವುದು ಎಂದು ಕಾಣುವುದಿಲ್ಲ. ಕಾಣುವುದು ಕೈಚಳಕ ಮಾತ್ರ.

ಆಮ್‌ಸ್ಟರ್‌ಡಾಂ, 1928

ಮಹಿಳೆಯರ ಕತ್ತಿವರಸೆಗೆ ಒಲಿಂಪಿಕ್ಸ್‌ನಲ್ಲಿ ಪ್ರವೇಶ ಸಿಕ್ಕಿದ್ದು 1924ರ ಪ್ಯಾರಿಸ್ ಕೂಟದಲ್ಲಿ. ಅದೂ ಫಾಯಿಲ್‌ನಲ್ಲಿ ಮಾತ್ರ. ಎಪೀಗಾಗಿ ಮಹಿಳೆಯರು 1996ರವರೆಗೆ, ಸೇಬರ್‌ಗಾಗಿ 2004ರವರೆಗೆ ಕಾಯಬೇಕಾಯಿತು. ಅಂದಿನ ಕ್ರೀಡಾ ಮುಖಂಡರಿಗೆ ಮಹಿಳೆಯರ ಸ್ಪರ್ಧೆಯ ಬಗ್ಗೆ ಸದಭಿಪ್ರಾಯವಿರಲಿಲ್ಲ. ಓಟ, ಜಿಗಿತಗಳಲ್ಲಿ ಮಹಿಳೆಯರಿಗೆ ಮೊದಲ ಬಾರಿ ಅವಕಾಶ ದೊರೆತದ್ದು 1928ರ ಆಮ್‌ಸ್ಟರ್‌ಡಾಂ ಕೂಟದಲ್ಲಿ.

ಜರ್ಮನಿಯ ಪಾಲಿಗೆ ಆ ಕೂಟಕ್ಕೆ ಬೇರೆಯೇ ಮಹತ್ವವಿತ್ತು. ಮೊದಲ ಮಹಾಯುದ್ಧದಲ್ಲಿ ಸೋತ ಆ ದೇಶವನ್ನು 1920 ಮತ್ತು 1924ರ ಒಲಿಂಪಿಕ್ಸ್‌ಗೆ ಆಹ್ವಾನಿಸಿರಲಿಲ್ಲ. ಸೋಲಿನ ಅವಮಾನ, ಹಣದುಬ್ಬರದ ಸಂಕಟ ಇವೆಲ್ಲವನ್ನು ಉಂಡಿದ್ದ ಜನ ಮತ್ತೆ ಲೋಕದ ಮುಂದೆ ತಲೆಯೆತ್ತಿ ನಿಲ್ಲುವ ಗಳಿಗೆಗಾಗಿ ಹಾತೊರೆಯುತ್ತಿದ್ದರು. ಆ ಸಲ ಜರ್ಮನಿ ಪದಕ ಪಟ್ಟಿಯಲ್ಲಿ ಅಮೆರಿಕದ ನಂತರದ ಸ್ಥಾನ ಪಡೆಯಿತು. ಆ ಪದಕಗಳಲ್ಲಿ ಒಂದು ಹದಿನೇಳು ವರ್ಷದ ಹೆಲೆನ್‌ಳದ್ದು. ಇಡೀ ಸ್ಪರ್ಧೆಯಲ್ಲಿ 18 ಪಂದ್ಯಗಳನ್ನು ಗೆದ್ದು ಎರಡನ್ನು ಮಾತ್ರ ಸೋತ ಆಕೆ, ಬ್ರಿಟನ್ನಿನ ಮ್ಯೂರಿಯಲ್ ಫ್ರೀಮನ್‌ರನ್ನು ಎರಡನೇ ಸ್ಥಾನಕ್ಕೆ ಸರಿಸಿ ಚಿನ್ನ ಗೆದ್ದಳು.

ಊರಿಗೆ ಮರಳಿದಾಗ ಆಫೆನ್‌ಬಾಖ್ ಅವಳನ್ನು ಮೆರವಣಿಗೆಯಲ್ಲಿ ಬರಮಾಡಿಕೊಂಡಿತು. ಎರಡು ಜಡೆಗಳನ್ನು ಕಿವಿಯ ಮೇಲೆ ಸುತ್ತಿ, ಹಣೆಗೆ ಬಿಳಿ ಪಟ್ಟಿ ಕಟ್ಟಿದ ಆ ಹೊಂಗೂದಲ ಹುಡುಗಿಯ ಚಿತ್ರ ದೇಶದ ತುಂಬ ಹರಡಿತು. 'ಹೊಂಗೂದಲ ಹೇ' ಎಂಬ ಮುದ್ದಿನ ಹೆಸರು ಬಂತು. ಜರ್ಮನ್ ಹೆಣ್ಣು ಹೇಗಿರಬೇಕು ಎಂದು ಕೇಳಿದರೆ ಜನ ಅವಳ ಚಿತ್ರದ ಕಡೆ ಬೆರಳು ತೋರಿಸುವಂತಾಯಿತು. ಎತ್ತರದ ನಿಲುವು, ಹೊಂಗೂದಲು, ನೀಲಿ ಛಾಯೆಯ ಕಣ್ಣು ಇವನ್ನೇ ಜನಾಂಗ ಶ್ರೇಷ್ಠತೆಯ ಗುರುತೆಂದು ಸಾರುತ್ತಿದ್ದ ನಾಝಿ ಪಕ್ಷ ಆಗಿನ್ನೂ ಜರ್ಮನಿಯ ರಾಜಕೀಯದಲ್ಲಿ ಒಂದು ಸಣ್ಣ ಗುಂಪು. ಅವರು ಕನಸಿನಲ್ಲಿ ಕಂಡ ಶುದ್ಧ ಆರ್ಯ ಕನ್ಯೆಯ ರೂಪ ಯಹೂದಿ ವೈದ್ಯರೊಬ್ಬರ ಮಗಳದ್ದಾಗಿತ್ತು ಎಂಬುದೇ ಜನಾಂಗ ಸಿದ್ಧಾಂತದ ಪೊಳ್ಳುತನಕ್ಕೆ ಸಾಕಷ್ಟು ಪುರಾವೆ.

ಮುಂದೆ 1929ರಲ್ಲಿ ಇಟಲಿಯ ನೇಪಲ್ಸ್‌ನಲ್ಲಿ, 1931ರಲ್ಲಿ ವಿಯೆನ್ನಾದಲ್ಲಿ ನಡೆದ ಅಂತಾರಾಷ್ಟ್ರೀಯ ಚಾಂಪಿಯನ್‌ಶಿಪ್‌ಗಳನ್ನೂ ಆಕೆ ಗೆದ್ದಳು. ಇವೆರಡನ್ನೂ ಈಗ ವಿಶ್ವ ಚಾಂಪಿಯನ್‌ಶಿಪ್ ಎಂದೇ ಪರಿಗಣಿಸಲಾಗುತ್ತದೆ. ಇದರ ನಡುವೆ ಓದೂ ಸಾಗಿತ್ತು. ಅಂತಾರಾಷ್ಟ್ರೀಯ ಕಾನೂನು ಕಲಿತು ಜರ್ಮನಿಯ ರಾಜತಾಂತ್ರಿಕ ಸೇವೆಗೆ ಸೇರಬೇಕೆಂಬುದು ಅವಳ ಹಂಬಲ. ತನ್ನ ದೇಶವನ್ನು ಲೋಕದ ಮುಂದೆ ಪ್ರತಿನಿಧಿಸುವ ಕನಸು ಕಂಡ ಹುಡುಗಿಯ ಮುಂದೆ ಆಗ ಯಾವ ಬಾಗಿಲೂ ಮುಚ್ಚಿದಂತೆ ಕಾಣುತ್ತಿರಲಿಲ್ಲ.

ಲಾಸ್ ಏಂಜಲಿಸ್‌ನ ಸೋಲು

1931ರಲ್ಲಿ ತಂದೆ ತೀರಿಕೊಂಡರು. ಮರುವರ್ಷ ಲಾಸ್ ಏಂಜಲಿಸ್ ಒಲಿಂಪಿಕ್ಸ್. ಹೆಲೆನ್ ಗೆದ್ದೇ ಗೆಲ್ಲುತ್ತಾಳೆಂದು ಎಲ್ಲರೂ ನಂಬಿದ್ದರು. ಆದರೆ ಜರ್ಮನಿಯಲ್ಲಿ ಅವಳ ಪ್ರಿಯಕರ ನೌಕಾ ತರಬೇತಿಯ ದುರಂತವೊಂದರಲ್ಲಿ ಮೃತಪಟ್ಟ ಸುದ್ದಿ ಪಂದ್ಯಕ್ಕೆ ಸ್ವಲ್ಪ ಮೊದಲು ಅವಳನ್ನು ಮುಟ್ಟಿತು. ಆ ಸ್ಥಿತಿಯಲ್ಲೇ ಕಣಕ್ಕಿಳಿದ ಆಕೆ ಐದನೇ ಸ್ಥಾನಕ್ಕೆ ತೃಪ್ತಿಪಡಬೇಕಾಯಿತು. ಚಿನ್ನ ಆಸ್ಟ್ರಿಯಾದ ಎಲೆನ್ ಪ್ರೈಸ್‌ಗೆ ಹೋಯಿತು.

ಆ ಸ್ಪರ್ಧೆಯ ಒಂದು ಘಟನೆಯನ್ನು ಇಲ್ಲಿ ನೆನೆಯಬೇಕು. ಚಿನ್ನಕ್ಕಾಗಿ ಪ್ರೈಸ್‌ಳನ್ನು ಎದುರಿಸಿದ ಬ್ರಿಟನ್ನಿನ ಜೂಡಿ ಗಿನ್ನೆಸ್, ತನಗೆ ಎರಡು ಬಾರಿ ಕತ್ತಿ ತಾಗಿದ್ದನ್ನು ತೀರ್ಪುಗಾರರು ಗಮನಿಸಿಲ್ಲವೆಂದು ತಾನಾಗಿಯೇ ಹೇಳಿದಳು. ಆ ಒಪ್ಪಿಗೆಯಿಂದ ಅವಳ ಕೈಯಿಂದ ಚಿನ್ನ ಜಾರಿತು. ಹೆಲೆನ್ ಬೆಳೆದ ಆಟದ ಲೋಕ ಇಂಥದ್ದು. ಅಲ್ಲಿ ಸತ್ಯ ಹೇಳಿದವರಿಗೆ ಪದಕ ತಪ್ಪಬಹುದು, ಗೌರವ ತಪ್ಪುತ್ತಿರಲಿಲ್ಲ. ಆಕೆ ಮುಂದೆ ಕಾಲಿಟ್ಟದ್ದು ಇದಕ್ಕೆ ತೀರಾ ವಿರುದ್ಧವಾದ ಇನ್ನೊಂದು ಲೋಕಕ್ಕೆ.

ಕೂಟ ಮುಗಿದ ಮೇಲೆ ಹೆಲೆನ್ ಜರ್ಮನಿಗೆ ಮರಳಲಿಲ್ಲ. ವಿನಿಮಯ ವಿದ್ಯಾರ್ಥಿನಿಯಾಗಿ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಕಾಲೇಜು ಸೇರಿದಳು. ಎರಡು ವರ್ಷ ಓದಿ ಊರಿಗೆ ಹೋಗುವುದು ಯೋಜನೆಯಾಗಿತ್ತು.

ಕ್ಲಬ್ಬಿನ ಪಟ್ಟಿಯಿಂದ ಹೊರಗೆ

1933ರ ಜನವರಿ 30ರಂದು ಹಿಟ್ಲರ್ ಜರ್ಮನಿಯ ಚಾನ್ಸಲರ್ ಆದ. ಏಪ್ರಿಲ್‌ನಲ್ಲಿ ಬಂದ ಕಾನೂನು 'ಆರ್ಯೇತರ'ರನ್ನು ಸರಕಾರಿ ನೌಕರಿಯಿಂದ ಹೊರಹಾಕಿತು. ಅಜ್ಜ ಅಜ್ಜಿಯರ ಪೈಕಿ ಒಬ್ಬರು ಯಹೂದಿಯಾಗಿದ್ದರೂ ಸಾಕು, ಆ ವ್ಯಕ್ತಿ ಆರ್ಯೇತರ. ಈ ಕಾನೂನು ಆಟದ ಕ್ಲಬ್‌ಗಳಿಗೆ ಅನ್ವಯಿಸುವಂಥದ್ದಲ್ಲ. ಆದರೆ ಆಳುವವರ ಮನಸ್ಸು ಅರಿತ ಸಂಘಗಳು ಆಜ್ಞೆಗಾಗಿ ಕಾಯಲಿಲ್ಲ. ಕುಸ್ತಿ, ಈಜು, ಟೆನಿಸ್ ಹೀಗೆ ಒಂದೊಂದಾಗಿ ಕ್ರೀಡಾ ಸಂಘಗಳು ತಮ್ಮ ಯಹೂದಿ ಸದಸ್ಯರನ್ನು ತಾವಾಗಿಯೇ ಹೊರಗಟ್ಟತೊಡಗಿದವು. ಆಫೆನ್‌ಬಾಖ್‌ನ ಕತ್ತಿವರಸೆ ಕ್ಲಬ್ಬೂ ಅದೇ ಹಾದಿ ಹಿಡಿದು, ತನಗೆ ಒಲಿಂಪಿಕ್ ಚಿನ್ನ ತಂದುಕೊಟ್ಟ ಹೆಲೆನ್‌ಳ ಸದಸ್ಯತ್ವವನ್ನು ರದ್ದುಪಡಿಸಿತು. ಅವಳ ವಿದ್ಯಾರ್ಥಿವೇತನವೂ ನಿಂತುಹೋಯಿತು. ರಾಜತಾಂತ್ರಿಕ ಸೇವೆಯ ಕನಸು ತಾನಾಗಿಯೇ ಮುರಿದುಬಿತ್ತು.

ಗಮನಿಸಬೇಕಾದ ಸಂಗತಿ ಇದು. ಹೆಲೆನ್‌ಳನ್ನು ಮೊದಲು ಹೊರಹಾಕಿದ್ದು ಹಿಟ್ಲರನ ಪೊಲೀಸರಲ್ಲ. ಅವಳೊಡನೆ ಆಡಿದವರು, ಅವಳ ಗೆಲುವಿಗೆ ಚಪ್ಪಾಳೆ ತಟ್ಟಿದವರು, ಐದೇ ವರ್ಷಗಳ ಹಿಂದೆ ಅವಳ ಮೆರವಣಿಗೆಯ ಸಾಲಿನಲ್ಲಿ ನಿಂತವರು. ಅನ್ಯಾಯ ಮೇಲಿನಿಂದ ಬರುತ್ತದೆ ಎಂದು ನಾವು ಭಾವಿಸುತ್ತೇವೆ. ಬಹಳಷ್ಟು ಸಲ ಅದು ನೆರೆಮನೆಯಿಂದ, ಊರ ಸಂಘದ ಸಭೆಯಿಂದ, ಕೈಯೆತ್ತಿ ಅಂಗೀಕರಿಸಿದ ನಿರ್ಣಯದಿಂದ ಬರುತ್ತದೆ.

ಕ್ಯಾಲಿಫೋರ್ನಿಯಾದಲ್ಲೇ ಉಳಿದ ಹೆಲೆನ್ ಓಕ್‌ಲೆಂಡ್‌ನ ಮಿಲ್ಸ್ ಕಾಲೇಜಿನಲ್ಲಿ ಜರ್ಮನ್ ಭಾಷೆ ಕಲಿಸುವ ಕೆಲಸ ಹಿಡಿದಳು. ತನ್ನನ್ನು ಬೇಡವೆಂದ ನಾಡಿನ ಭಾಷೆಯನ್ನು ಪರದೇಶದ ಹುಡುಗಿಯರಿಗೆ ಕಲಿಸುತ್ತಾ ಅನ್ನ ಸಂಪಾದಿಸಬೇಕಾಯಿತು. ಕತ್ತಿಯನ್ನು ಮಾತ್ರ ಕೆಳಗಿಡಲಿಲ್ಲ. 1934 ಮತ್ತು 1935ರಲ್ಲಿ ಅಮೆರಿಕದ ರಾಷ್ಟ್ರೀಯ ಚಾಂಪಿಯನ್ ಆದಳು.

ಎರಡು ನಾಲಿಗೆಯ ಆಹ್ವಾನ

1936ರ ಒಲಿಂಪಿಕ್ಸ್ ನಡೆಸುವ ಹೊಣೆ ಬರ್ಲಿನ್‌ಗೆ ಸಿಕ್ಕಿದ್ದು ಹಿಟ್ಲರ್ ಬರುವ ಮೊದಲೇ. ಅವನ ಆಡಳಿತದ ಸ್ವರೂಪ ಬಯಲಾದಂತೆ ಅಮೆರಿಕದಲ್ಲಿ ಕೂಟವನ್ನು ಬಹಿಷ್ಕರಿಸಬೇಕೆಂಬ ಕೂಗು ಎದ್ದಿತು. ಯಹೂದಿ ಆಟಗಾರರಿಗೆ ತಾರತಮ್ಯ ಮಾಡುವುದಿಲ್ಲವೆಂದು ಜರ್ಮನಿ 1933ರಲ್ಲೇ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ ಮಾತು ಕೊಟ್ಟಿತ್ತು. ಆ ಮಾತಿಗೆ ಸಾಕ್ಷಿ ಬೇಕಾಗಿತ್ತು. ಅಮೆರಿಕದ ಒಲಿಂಪಿಕ್ ಸಮಿತಿಯ ಅಧ್ಯಕ್ಷ ಏವರಿ ಬ್ರಂಡೇಜ್ ತಂಡವನ್ನು ಕಳುಹಿಸಲೇಬೇಕೆಂದು ಪಟ್ಟುಹಿಡಿದಿದ್ದ. ಅಂತಾರಾಷ್ಟ್ರೀಯ ಸಮಿತಿಯ ಅಮೆರಿಕನ್ ಸದಸ್ಯ ಚಾರ್ಲ್ಸ್ ಶೆರಿಲ್ 1935ರಲ್ಲಿ ಹಿಟ್ಲರನನ್ನೇ ಭೇಟಿಯಾದ. ಜರ್ಮನ್ ತಂಡದಲ್ಲಿ ಯಹೂದಿಗಳು ಇದ್ದಾರೆಂದು ತೋರಿಸಲು ಒಬ್ಬರೋ ಇಬ್ಬರೋ ಸಿಕ್ಕಿದರೆ ಬಹಿಷ್ಕಾರದ ಬಾಯಿ ಮುಚ್ಚಿಸಬಹುದು ಎಂಬುದು ಅವನ ಲೆಕ್ಕ. ಆ ಲೆಕ್ಕಕ್ಕೆ ಸರಿಹೊಂದಿದ ಎರಡು ಹೆಸರುಗಳು ಹೆಲೆನ್ ಮಾಯರ್ ಮತ್ತು ಎತ್ತರ ಜಿಗಿತದ ಗ್ರೆಟೆಲ್ ಬರ್ಗ್‌ಮನ್.

ಅದೇ ಸೆಪ್ಟೆಂಬರ್‌ನಲ್ಲಿ ನ್ಯೂರೆಂಬರ್ಗ್ ಕಾನೂನುಗಳು ಬಂದವು. ಯಹೂದಿಗಳು ಜರ್ಮನ್ ಪೌರತ್ವದ ಹಕ್ಕುಗಳನ್ನು ಕಳೆದುಕೊಂಡರು. ಅಜ್ಜ ಅಜ್ಜಿಯರ ಲೆಕ್ಕ ಇನ್ನಷ್ಟು ನಿಖರವಾಯಿತು. ಮೂವರು ಅಥವಾ ನಾಲ್ವರು ಯಹೂದಿಗಳಾದರೆ ವ್ಯಕ್ತಿ ಯಹೂದಿ. ಇಬ್ಬರಾಗಿದ್ದು, ಆತ ಯಹೂದಿ ಸಮುದಾಯದ ಸದಸ್ಯನಲ್ಲದಿದ್ದರೆ 'ಮಿಶ್ರ ರಕ್ತ'ದವನು. ಈ ಲೆಕ್ಕದಲ್ಲಿ ಹೆಲೆನ್ ಎರಡನೆಯ ಗುಂಪಿಗೆ ಸೇರಿದಳು.

ಇಲ್ಲಿಯೇ ಇಡೀ ಪ್ರಕರಣದ ಗುಟ್ಟು ಅಡಗಿದೆ. ಹೊರಗಿನ ಲೋಕಕ್ಕೆ ಹೆಲೆನ್‌ಳನ್ನು ತೋರಿಸಿ, ನೋಡಿ, ನಮ್ಮ ತಂಡದಲ್ಲಿ ಯಹೂದಿ ಇದ್ದಾಳೆ ಎನ್ನಬಹುದಿತ್ತು. ಒಳಗಿನ ಜನರಿಗೆ, ಆಕೆ ಯಹೂದಿಯೇ ಅಲ್ಲ ಎನ್ನಬಹುದಿತ್ತು. ಒಂದೇ ಹುಡುಗಿ, ಎರಡು ಲೆಕ್ಕ. 1936ರಲ್ಲಿ ಜರ್ಮನಿಯ ಪತ್ರಿಕೆಗಳಿಗೆ ಹೋದ ಸರಕಾರಿ ಸೂಚನೆಯೊಂದರಲ್ಲಿ, ಹೆಲೆನ್ ಮಾಯರ್‌ಳ ಆರ್ಯೇತರ ಮೂಲದ ಬಗ್ಗೆಯಾಗಲಿ, ಆಕೆ ಚಿನ್ನ ಗೆಲ್ಲುವ ಸಾಧ್ಯತೆಯ ಬಗ್ಗೆಯಾಗಲಿ ಏನನ್ನೂ ಬರೆಯಬಾರದೆಂದು ತಾಕೀತು ಮಾಡಲಾಗಿತ್ತು. ಅಮೆರಿಕದಲ್ಲಿ ಯಾವ ಕಾರಣಕ್ಕಾಗಿ ಅವಳ ಹೆಸರನ್ನು ಗಟ್ಟಿಯಾಗಿ ಹೇಳಲಾಗುತ್ತಿತ್ತೋ ಅದೇ ಕಾರಣಕ್ಕೆ ಜರ್ಮನಿಯಲ್ಲಿ ಮೌನ.

ಹೆಲೆನ್ ಆಹ್ವಾನವನ್ನು ಒಪ್ಪಿಕೊಂಡಳು. ತನಗೆ ಪೂರ್ಣ ಪೌರತ್ವ ಉಂಟೆಂದು ಖಚಿತಪಡಿಸಬೇಕೆಂದು ಕೇಳಿದಳು. 1935ರ ಡಿಸೆಂಬರ್‌ನಲ್ಲಿ ಅಮೆರಿಕದ ಹವ್ಯಾಸಿ ಕ್ರೀಡಾ ಒಕ್ಕೂಟದ ಸಭೆಯಲ್ಲಿ ಬಹಿಷ್ಕಾರದ ಪ್ರಯತ್ನ ಅಲ್ಪ ಅಂತರದಿಂದ ಸೋತಿತು. ಅಮೆರಿಕದ ತಂಡ ಬರ್ಲಿನ್‌ಗೆ ಹೋಗುವುದು ಖಚಿತವಾಯಿತು.

ಒಬ್ಬಳು ಒಳಗೆ, ಒಬ್ಬಳು ಹೊರಗೆ

ಗ್ರೆಟೆಲ್ ಬರ್ಗ್‌ಮನ್‌ಳ ಕಥೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಚಿತ್ರ ಪೂರ್ತಿಯಾಗುತ್ತದೆ. ಯಹೂದಿ ಎಂಬ ಕಾರಣಕ್ಕೆ ಕ್ಲಬ್ಬಿನಿಂದ ಹೊರದೂಡಲ್ಪಟ್ಟು ಇಂಗ್ಲೆಂಡಿಗೆ ಹೋಗಿದ್ದ ಗ್ರೆಟೆಲ್ 1934ರಲ್ಲಿ ಅಲ್ಲಿಯ ಚಾಂಪಿಯನ್ ಆಗಿದ್ದಳು. ಮನೆಯವರ ಮೇಲೆ ಒತ್ತಡ ತಂದು ಅವಳನ್ನು ಜರ್ಮನಿಗೆ ಮರಳುವಂತೆ ಮಾಡಲಾಯಿತು. 1936ರ ಜೂನ್‌ನಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಆಕೆ 1.60 ಮೀಟರ್ ಜಿಗಿದು ರಾಷ್ಟ್ರೀಯ ದಾಖಲೆಯನ್ನು ಸರಿಗಟ್ಟಿದಳು. ಜುಲೈ 15ರಂದು ಅಮೆರಿಕದ ತಂಡ ಹಡಗು ಹತ್ತಿತು. ಮರುದಿನದ ತಾರೀಕು ಹೊತ್ತ ಪತ್ರವೊಂದು ಗ್ರೆಟೆಲ್‌ಳ ಕೈಸೇರಿತು. ಅವಳ ಸಾಧನೆ ಸಾಲದೆಂದೂ, ತಂಡದಲ್ಲಿ ಸ್ಥಾನವಿಲ್ಲವೆಂದೂ ಅದರಲ್ಲಿತ್ತು. ಬರ್ಲಿನ್‌ನಲ್ಲಿ ಪದಕ ಗೆದ್ದ ಮೂವರೂ ಏರಿದ ಎತ್ತರ 1.60 ಮೀಟರ್, ಸಮಬಲ ಮುರಿಯಲು ಮತ್ತೆ ಜಿಗಿಯಬೇಕಾಯಿತು. ಸಾಲದೆಂದು ತಳ್ಳಿಹಾಕಿದ ಎತ್ತರವೂ ಅಷ್ಟೇ ಆಗಿತ್ತು.

ಗ್ರೆಟೆಲ್‌ಳ ನಾಲ್ವರೂ ಅಜ್ಜ ಅಜ್ಜಿಯರು ಯಹೂದಿಗಳು. ಅವಳನ್ನು ಎರಡು ಬಗೆಯಲ್ಲಿ ಎಣಿಸಲು ಬರುತ್ತಿರಲಿಲ್ಲ. ಹಡಗು ಹೊರಟ ಮೇಲೆ ಅವಳ ಅಗತ್ಯವೂ ಮುಗಿದಿತ್ತು. ಹೆಲೆನ್ ಉಳಿದಳು.

ಆಗಸ್ಟ್ ಮೊದಲ ವಾರದಲ್ಲಿ ಮಹಿಳೆಯರ ಫಾಯಿಲ್ ಸ್ಪರ್ಧೆ. ಚಿನ್ನ ಹಂಗರಿಯ ಎಡಗೈ ಆಟಗಾರ್ತಿ ಇಲೋನಾ ಎಲೆಕ್‌ಗೆ, ಬೆಳ್ಳಿ ಹೆಲೆನ್‌ಗೆ, ಕಂಚು ಎಲೆನ್ ಪ್ರೈಸ್‌ಗೆ. ಪ್ರೈಸ್ ಹುಟ್ಟಿದ್ದು ಬರ್ಲಿನ್‌ನಲ್ಲೇ, ಆಡುತ್ತಿದ್ದುದು ಆಸ್ಟ್ರಿಯಾದ ಪರವಾಗಿ. ಪದಕ ಗೆದ್ದ ಮೂವರೂ ಯಹೂದಿ ಮೂಲದವರು. ಹಿಟ್ಲರನ ರಾಜಧಾನಿಯಲ್ಲಿ, ಜನಾಂಗ ಶ್ರೇಷ್ಠತೆಯ ಜಾತ್ರೆಯ ನಟ್ಟನಡುವೆ, ಮೂರು ಮೆಟ್ಟಿಲುಗಳ ಮೇಲೆ ನಿಂತದ್ದು ಆ ಸಿದ್ಧಾಂತ ಕೀಳೆಂದು ಸಾರಿದ ಮೂಲದ ಮೂವರು ಹೆಣ್ಣುಮಕ್ಕಳು.

ಆದರೆ ಆ ಗಳಿಗೆಯ ಛಾಯಾಚಿತ್ರದಲ್ಲಿ ಕಣ್ಣು ಸೆಳೆಯುವುದು ಬೇರೊಂದು ಸಂಗತಿ. ಬಿಳಿ ಉಡುಪಿನ ಹೆಲೆನ್ ಎರಡನೇ ಮೆಟ್ಟಿಲಿನ ಮೇಲೆ ನಿಂತು ಬಲಗೈ ಮುಂದೆ ಚಾಚಿ ನಾಝಿ ವಂದನೆ ಸಲ್ಲಿಸುತ್ತಿದ್ದಾಳೆ. ಕತ್ತಿ ಎತ್ತಿ ಎದುರಾಳಿಗೆ ವಂದಿಸುವುದನ್ನು ಎಳವೆಯಿಂದ ಕಲಿತ ಕೈ ಅದು.

ಆ ಕೈ ಏಕೆ ಮೇಲೆದ್ದಿತು? ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ. ಜರ್ಮನ್ ತಂಡದ ಪದಕ ವಿಜೇತರೆಲ್ಲ ಹಾಗೆ ಮಾಡುತ್ತಿದ್ದರು, ಮಾಡದಿರುವುದು ಸುಲಭವಿರಲಿಲ್ಲ. ತಾಯಿ ಮತ್ತು ಸಹೋದರರು ಜರ್ಮನಿಯಲ್ಲೇ ಇದ್ದರು. ತಾನು ಜರ್ಮನ್ ಎಂದು ರುಜುವಾತುಪಡಿಸುವ ಹಟವೂ ಇದ್ದಿರಬಹುದು. ಅವಳನ್ನು ದ್ರೋಹಿ ಎಂದವರಿದ್ದಾರೆ, ಬಲಿಪಶು ಎಂದವರಿದ್ದಾರೆ. ಇಪ್ಪತ್ತೈದರ ತರುಣಿಯೊಬ್ಬಳ ಮೇಲೆ ಎಲ್ಲ ಹೊಣೆ ಹೊರಿಸಿ ಕೈತೊಳೆದುಕೊಳ್ಳುವುದು ಸುಲಭ. ಅವಳನ್ನು ಆ ಮೆಟ್ಟಿಲಿನ ಮೇಲೆ ನಿಲ್ಲಿಸಿದವರು, ಎಲ್ಲವೂ ಸರಿಯಾಗಿದೆ ಎಂದು ಲೋಕಕ್ಕೆ ವರದಿ ಒಪ್ಪಿಸಿದವರು ವಯಸ್ಸಿನಲ್ಲಿ, ಅಧಿಕಾರದಲ್ಲಿ, ತಿಳುವಳಿಕೆಯಲ್ಲಿ ಅವಳಿಗಿಂತ ಬಹಳ ದೊಡ್ಡವರು. ಹಾಗಿದ್ದರೂ ಒಂದು ಮಾತು ಉಳಿಯುತ್ತದೆ. ಆ ಚಿತ್ರ ನಾಝಿಗಳಿಗೆ ಉಪಯೋಗಕ್ಕೆ ಬಂತು. ಜರ್ಮನಿಯ ಲಕ್ಷಾಂತರ ಯಹೂದಿಗಳಿಗೆ ಅದರಿಂದ ಕಿಂಚಿತ್ತೂ ಉಪಯೋಗವಾಗಲಿಲ್ಲ.

ಅದೇ ಬರ್ಲಿನ್‌ನಲ್ಲಿ, ಅದೇ ತಿಂಗಳ 15ರಂದು, ಧ್ಯಾನ್‌ಚಂದ್ ನಾಯಕತ್ವದ ಭಾರತದ ಹಾಕಿ ತಂಡ ಜರ್ಮನಿಯನ್ನು 8-1ರಿಂದ ಮಣಿಸಿತು. ಹಿಂದೂ, ಮುಸ್ಲಿಂ, ಕ್ರೈಸ್ತ, ಸಿಖ್ ಆಟಗಾರರಿದ್ದ ಆ ತಂಡ ಅಧಿಕೃತವಾಗಿ ಆಡಿದ್ದು ಬ್ರಿಟಿಷ್ ಆಳ್ವಿಕೆಯ ಬಾವುಟದಡಿ. ಪಂದ್ಯಕ್ಕೆ ಮುನ್ನ ಡ್ರೆಸ್ಸಿಂಗ್ ಕೊಠಡಿಯಲ್ಲಿ ಕಾಂಗ್ರೆಸ್ಸಿನ ತ್ರಿವರ್ಣ ಧ್ವಜಕ್ಕೆ ಆಟಗಾರರು ವಂದಿಸಿದ್ದನ್ನು ಧ್ಯಾನ್‌ಚಂದ್ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಅವರದ್ದು ತಮ್ಮನ್ನು ಆಳುವ ಬಾವುಟದಡಿ ಆಡಿ ತಮ್ಮದಾದ ಬಾವುಟವನ್ನು ಮನಸ್ಸಿನಲ್ಲಿ ಇಟ್ಟುಕೊಂಡವರ ಸ್ಥಿತಿ. ಹೆಲೆನ್‌ಳದ್ದು ಇದಕ್ಕಿಂತ ಕಷ್ಟದ್ದು. ಅವಳಿಗೆ ಮನಸ್ಸಿನಲ್ಲಿಟ್ಟುಕೊಳ್ಳಲು ಬೇರೊಂದು ಬಾವುಟವಿರಲಿಲ್ಲ. ತನ್ನದೆಂದು ನಂಬಿದ ದೇಶವೇ ಅವಳನ್ನು ತನ್ನವಳಲ್ಲ ಎಂದಿತ್ತು.

ಪದಕ ಕಾಯಲಿಲ್ಲ

ಸಾಧನೆ ಮಾಡಿ ತೋರಿಸಿದರೆ, ನಾಡಿಗೆ ಕೀರ್ತಿ ತಂದರೆ ದ್ವೇಷ ತಾನಾಗಿ ಕರಗುತ್ತದೆ ಎಂಬ ನಂಬಿಕೆ ಎಲ್ಲ ಕಾಲದ ಅಲ್ಪಸಂಖ್ಯಾತರಲ್ಲೂ ಇರುತ್ತದೆ. ಹೆಲೆನ್‌ಳ ಜೊತೆಗೆ ಆಮ್‌ಸ್ಟರ್‌ಡಾಂನಲ್ಲಿ ಮೆರೆದ ಇತರ ಕತ್ತಿವರಸೆಗಾರರ ಗತಿಯನ್ನು ನೋಡಿದರೆ ಈ ನಂಬಿಕೆ ಎಷ್ಟು ದುರ್ಬಲ ಎಂಬುದು ತಿಳಿಯುತ್ತದೆ. 1928ರಲ್ಲಿ ಹಂಗರಿಯ ಸೇಬರ್ ತಂಡಕ್ಕೆ ಚಿನ್ನ ಗೆದ್ದುಕೊಟ್ಟವರಲ್ಲಿ ಅಟಿಲಾ ಪೆಟ್ಶಾವರ್ ಮತ್ತು ಯಾನೋಶ್ ಗರೈ ಎಂಬ ಯಹೂದಿಗಳಿದ್ದರು. ಪೆಟ್ಶಾವರ್ 1943ರಲ್ಲಿ ಪೂರ್ವ ರಣರಂಗದ ಬಲವಂತದ ದುಡಿಮೆಯ ಪಡೆಯಲ್ಲಿದ್ದಾಗ ಸತ್ತ. ಗರೈ 1945ರಲ್ಲಿ ಮೌಟ್‌ಹೌಸನ್ ಸೆರೆಶಿಬಿರದಲ್ಲಿ ಪ್ರಾಣಬಿಟ್ಟ. ಬರ್ಲಿನ್‌ನಲ್ಲಿ ಸೇಬರ್‌ನ ಎರಡು ಚಿನ್ನ ಗೆದ್ದ ಎಂಡ್ರೆ ಕಾಬೋಶ್ 1944ರಲ್ಲಿ ಬುಡಾಪೆಸ್ಟ್‌ನ ಸೇತುವೆಯೊಂದರ ಸ್ಫೋಟದಲ್ಲಿ ಮೃತಪಟ್ಟ. ಒಲಿಂಪಿಕ್ ಚಿನ್ನ ಇವರಲ್ಲಿ ಯಾರಿಗೂ ರಕ್ಷಾಕವಚವಾಗಲಿಲ್ಲ.

ಹೆಲೆನ್ ಉಳಿದುಕೊಂಡದ್ದು ಪದಕದಿಂದಲ್ಲ, ಅಮೆರಿಕಕ್ಕೆ ಮರಳಿದ್ದರಿಂದ. 1937ರಲ್ಲಿ ಪ್ಯಾರಿಸ್‌ನಲ್ಲಿ ಮತ್ತೊಮ್ಮೆ ವಿಶ್ವ ಚಾಂಪಿಯನ್ ಆದ ಆಕೆ ಕ್ಯಾಲಿಫೋರ್ನಿಯಾದಲ್ಲಿ ಅಧ್ಯಾಪಕಿಯಾಗಿ ನೆಲೆನಿಂತು ಮುಂದೆ ಆ ದೇಶದ ಪೌರತ್ವ ಪಡೆದಳು. ಅಮೆರಿಕದ ರಾಷ್ಟ್ರೀಯ ಪ್ರಶಸ್ತಿಯನ್ನು ಒಟ್ಟು ಎಂಟು ಬಾರಿ ಗೆದ್ದಳು. ಯುದ್ಧದ ಕಾರಣ 1940 ಮತ್ತು 1944ರ ಒಲಿಂಪಿಕ್ಸ್ ನಡೆಯಲಿಲ್ಲ. ಬರ್ಲಿನ್‌ನಲ್ಲಿ ಅವಳನ್ನು ಹಿಂದಿಕ್ಕಿದ ಇಲೋನಾ ಎಲೆಕ್ 1948ರಲ್ಲಿ, ತನ್ನ 41ನೇ ವಯಸ್ಸಿನಲ್ಲಿ, ಮತ್ತೆ ಚಿನ್ನ ಗೆದ್ದಳು. ಹೆಲೆನ್‌ಗೆ ಇನ್ನೊಂದು ಒಲಿಂಪಿಕ್ಸ್ ದೊರೆಯಲಿಲ್ಲ. 1952ರಲ್ಲಿ ಜರ್ಮನಿಗೆ ಮರಳಿ ಅಲ್ಲಿಯೇ ಮದುವೆಯಾದ ಆಕೆ 1953ರ ಅಕ್ಟೋಬರ್‌ನಲ್ಲಿ, 42ರ ವಯಸ್ಸಿನಲ್ಲಿ, ಕ್ಯಾನ್ಸರಿಗೆ ಬಲಿಯಾದಳು.

ಪಶ್ಚಿಮ ಜರ್ಮನಿ 1968ರಲ್ಲಿ ಅವಳ ಚಿತ್ರವಿರುವ ಅಂಚೆಚೀಟಿ ಹೊರಡಿಸಿತು. ಮ್ಯೂನಿಚ್‌ನ ಒಲಿಂಪಿಕ್ ಗ್ರಾಮದ ಒಂದು ರಸ್ತೆಗೆ ಅವಳ ಹೆಸರಿದೆ. 1937ರಲ್ಲಿ ಅಮೆರಿಕಕ್ಕೆ ಹೋದ ಗ್ರೆಟೆಲ್ ಬರ್ಗ್‌ಮನ್ 103 ವರ್ಷ ಬದುಕಿ 2017ರಲ್ಲಿ ತೀರಿಕೊಂಡಳು. ಅವಳ 1.60 ಮೀಟರ್‌ನ ದಾಖಲೆಯನ್ನು ಜರ್ಮನಿ ಮತ್ತೆ ಮಾನ್ಯ ಮಾಡಿದ್ದು 2009ರಲ್ಲಿ, 73 ವರ್ಷಗಳ ನಂತರ. ತಡವಾಗಿ ಬಂದ ಇಂಥ ಗೌರವಗಳನ್ನು ಹಗುರವಾಗಿ ಕಾಣಬೇಕಿಲ್ಲ. ತಪ್ಪನ್ನು ತಪ್ಪೆಂದು ಒಪ್ಪಿಕೊಳ್ಳುವ ಸಮಾಜ ಒಪ್ಪಿಕೊಳ್ಳದ ಸಮಾಜಕ್ಕಿಂತ ಎಷ್ಟೋ ಮೇಲು.

ಆದರೆ ಈ ಕಥೆ ನಮಗೆ ಕಲಿಸುವುದು ಅಷ್ಟನ್ನೇ ಅಲ್ಲ. ಯಾವುದೇ ನಾಡಿನಲ್ಲಿ ಒಂದು ಸಮುದಾಯದ ಮೇಲೆ ಅನ್ಯಾಯವಾಗುತ್ತಿದೆ ಎಂಬ ದೂರು ಎದ್ದಾಗ, ಆ ಸಮುದಾಯದ ಒಬ್ಬ ಆಟಗಾರ, ಒಬ್ಬ ಕಲಾವಿದ, ಒಬ್ಬ ಅಧಿಕಾರಿಯ ಹೆಸರು ಹೇಳಿ, ಇಲ್ಲಿ ಎಲ್ಲವೂ ಸರಿಯಾಗಿಯೇ ಇದೆ ಎನ್ನುವವರು ಇದ್ದೇ ಇರುತ್ತಾರೆ. ಅಂಥ ವೇಳೆ ವೇದಿಕೆಯ ಮೇಲಿರುವವರನ್ನು ನೋಡಿ ಸುಮ್ಮನಾಗಬಾರದು. ಪತ್ರ ಬರೆದು ಹೊರಗಿಟ್ಟವರು ಯಾರು, ಕ್ಲಬ್ಬಿನ ಪಟ್ಟಿಯಿಂದ ಹೆಸರು ಹೊಡೆದುಹೋದವರು ಎಷ್ಟು ಮಂದಿ ಎಂದು ಕೇಳಬೇಕು. ನ್ಯಾಯದ ಅಳತೆಗೋಲು ಪದಕ ಗೆದ್ದ ಒಬ್ಬಳಲ್ಲ. ಯಾವ ಪದಕವನ್ನೂ ಗೆಲ್ಲದ, ಗೆಲ್ಲಬೇಕಾದ ಅಗತ್ಯವೂ ಇಲ್ಲದ ಸಾಮಾನ್ಯ ಮನುಷ್ಯ ತನ್ನ ಊರಿನಲ್ಲಿ ತಲೆಯೆತ್ತಿ ನಡೆಯಬಲ್ಲನೇ ಎಂಬುದೇ ಆ ಅಳತೆಗೋಲು.